ಒಂದಕ್ಕೇ ನಿಲ್ಲಬೇಕು

ಕೋಡಿಬಾಗದ ನನ್ನ ಶೆಡ್ಡಿಗೆ ಅದು ಬಂದದ್ದು
ತಲೆ ಆಡಿಸುತ್ತ, ಕುಡಿದವನ ಹಾಗಲ್ಲ,
ಎಲ್ಲದಕ್ಕೂ ಹೂಂ ಅನ್ನುವವನ ಹಾಗೆ.
ಎರಡೇ ಸೀಟು, ತಗ್ಗು ಮೈ,
ಒಣಗಿದ ಮುರುಗಲ ಸಿಪ್ಪೆಯ ಬಣ್ಣ.
"ಗೋವೆಯ ಹರಾಜಿನಲ್ಲಿ ಹಿಡಿದದ್ದು" ಅಂದ ಉಲ್ಲಾಸ ರಾಯ್ಕರ,
ಬಂಗಾರ ತೂಗುವ ಮನುಷ್ಯ,
ನನ್ನ ಕೈಯ ಗ್ರೀಸಿನಿಂದ ಒಂದು ಮಾರು ದೂರ ನಿಂತು.

ಹಿಂದಿನ ಬಂಪರಿನ ಮೇಲೆ ಮೈಭಾರ ಹಾಕಿ ಒತ್ತಿ ಬಿಟ್ಟೆ.
ಒಂದು. ಎರಡು. ಮೂರು. ನಾಲ್ಕೂವರೆ.
ಒಳ್ಳೆಯ ಗಾಡಿ ಒಂದಕ್ಕೇ ನಿಲ್ಲಬೇಕು.
ಸ್ಪ್ರಿಂಗಿಗೆ ನೆನಪು ಜಾಸ್ತಿ, ರಾಯ್ಕರರೇ,
ಒಂದು ಹೊಂಡ ಸಿಕ್ಕರೆ ಅರ್ಧ ಫರ್ಲಾಂಗು ಅದನ್ನೇ ಹೇಳುತ್ತದೆ.
ಸಾಕು ಮಾರಾಯ್ತಿ ಅನ್ನಲಿಕ್ಕೆ
ಪಕ್ಕದಲ್ಲಿ ಒಬ್ಬ ಬೇಕು. ಅವನೇ ಸತ್ತಿದ್ದಾನೆ.

"ಹೊಸದು?"
ವಿಲಾಯತಿಯಿಂದ ಮೂರು ತಿಂಗಳು, ಸುಂಕ ಬೇರೆ.
ಅವನು ಮನಸ್ಸಿನಲ್ಲೇ ಗುಂಜಿ ತೂಗಿದ.
"ಇದನ್ನೇ ಬದುಕಿಸು, ಸುಲಕ್ಷಾ."

ಈಗಿನ ಹಾಗೆ ಕೊಳವೆಯಂಥದ್ದಲ್ಲ ಇದು,
ಎರಕದ ಅಲ್ಯೂಮಿನಿಯಮ್ಮಿನ ಗಂಟು.
ಮುಷ್ಟಿಯೊಳಗೆ ಎರಡು ಪಿಸ್ಟನ್ನು,
ಹೊರಗೆ ಚಾಚಿದ ಒಂದೇ ತೋಳು.
ತೋಳು ಎದ್ದರೆ ಒಳಗಿನ ಎಣ್ಣೆ
ಸೂಜಿಯಷ್ಟು ಕಿಂಡಿಯಲ್ಲಿ ತೂರಬೇಕು,
ತಡವಾಗಬೇಕು. ತಡವಾಗುವುದೇ ಅದರ ಕೆಲಸ.
ಇಂಥ ನೌಕರಿ ತಾಲೂಕು ಕಚೇರಿಯಲ್ಲಿ ಮಾತ್ರ ಇದೆ
ಅಂದುಕೊಂಡಿದ್ದೆ ನಾನು.

ಮುಚ್ಚಳದ ಸ್ಕ್ರೂಗಳಿಗೆ ಉಪ್ಪು ಹಿಡಿದಿತ್ತು.
ಸೀಮೆಎಣ್ಣೆ ಕುಡಿಸಿ, ಕಾಯಿಸಿ, ಬೈದು,
ಮೂರನೆಯ ದಿನ ಬಿಟ್ಟುಕೊಟ್ಟವು.
ತೆರೆದೆ.
ಇಡೀ ಶೆಡ್ಡು ಬೈತಖೋಲ್ ಬಂದರು.

ತಾರ್ಲೆ ಎಣ್ಣೆ!
ದೋಣಿಯ ಹಲಗೆಗೆ ಹುಳ ಹತ್ತದಿರಲೆಂದು ಬಳಿಯುವುದು,
ನನ್ನಪ್ಪ ಮೊಣಕೈವರೆಗೆ ಹೊತ್ತು ತಿರುಗಿದ ನಾತ.
ಈಗ ಜೋನಿಬೆಲ್ಲದ ಹಾಗೆ ಗಟ್ಟಿ.
ಸೀಲು ಇರಬೇಕಾದಲ್ಲಿ ಚಪ್ಪಲಿಯ ತೊಗಲು,
ಬಿಲ್ಲೆಯಾಗಿ ಕತ್ತರಿಸಿ, ಮೇಣದಲ್ಲಿ ಅದ್ದಿ ಕೂರಿಸಿದ್ದು.

ಯಾರಪ್ಪಾ ನೀನು?
ಅರದ ಗೀರುಗಳ ವಾಲು ನೋಡಿದರೆ ಎಡಗೈಯವನು.
ಸೇತುವೆ ಇಲ್ಲದ ಕಾಲ, ಬಾರ್ಜಿಗೆ ಕಾಯುತ್ತ
ಈ ದಡದಲ್ಲೋ ಸದಾಶಿವಗಡದ ದಡದಲ್ಲೋ
ಗಾಡಿ ಕೂತಿರಬೇಕು, ಮಾಲೀಕ ಗಡಿಯಾರ ನೋಡುತ್ತಿರಬೇಕು,
ಕೈಗೆ ಸಿಕ್ಕಿದ್ದು ಒಂದು ಡಬ್ಬಿ, ಒಂದು ಹರಿದ ಚಪ್ಪಲಿ.
ನಾಚಿಕೆಯಿಲ್ಲದ ಕೆಲಸ.
ನನ್ನ ಕೈಗೆ ಬಾರದಷ್ಟು ನಯವಾದ ಬಿಲ್ಲೆ.

ಶಾಫ್ಟು ಆಡುವ ತೂತು ಸವೆದು ಮೊಟ್ಟೆಯಾಗಿತ್ತು.
ಹೋದ ಮಳೆಗಾಲ ಒಡೆದ ಟ್ರಾಲರಿನ ಪಂಖದಿಂದ
ಒಂದು ತುಂಡು ಕಂಚು ಕೊಯ್ದು ಲೇಥಿಗೆ ಕಟ್ಟಿದೆ.
ಹಳದಿ ಸುರುಳಿ ಕಾಲಬುಡದಲ್ಲಿ ಉದುರಿತು.
ರಾಯ್ಕರ ಬಗ್ಗಿ ಒಂದನ್ನು ಎತ್ತಿ,
ಅಭ್ಯಾಸಬಲ, ಉಗುರಿನಲ್ಲಿ ಕೆರೆದು ನೋಡಿದ.
ಬುಷ್ಷು ಕೂತಿತು. ಬೈಕಿನ ಫೋರ್ಕಿನ ಸೀಲು,
ಬೈಕಿನದೇ ಎಣ್ಣೆ.
ತೋಳು ಹಿಡಿದು ಮೇಲೆ ಕೆಳಗೆ, ಮೇಲೆ ಕೆಳಗೆ,
ಒಳಗಿನ ಗಾಳಿ ತೀರುವವರೆಗೆ:
ಮೊದಲು ಪೊಳ್ಳು,
ಆಮೇಲೆ ಸ್ವಲ್ಪ ಮುನಿಸು,
ಆಮೇಲೆ ಕೈಗೆ ಇನ್ನೊಂದು ಕೈ ಸಿಕ್ಕಿದ ಹಾಗೆ.
ಎಡಗಡೆಯದರಲ್ಲೂ ಅದೇ ಎಣ್ಣೆ, ಅದೇ ಬಿಲ್ಲೆ.

ಕಾಳಿಯ ಹಳೆಯ ಸೇತುವೆ ಬಿದ್ದ ಮೇಲೆ
ಹೋಗುವವರು ಬರುವವರು ಎಲ್ಲ ಹೊಸದರ ಮೇಲೇ.
ಅದರ ಒಂದೊಂದು ಸಂದಿಗೂ ಧಡ್.
ಧಡ್, ಕುಗ್ಗಿತು, ಎದ್ದಿತು, ನಿಂತಿತು.
ಧಡ್. ಒಂದು.
ರಾಯ್ಕರ ತುಟಿಯಲ್ಲೇ ಎಣಿಸುತ್ತಿದ್ದ.
ನಾನು ಕೆಳಗೆ ನೀರು ನೋಡಲಿಲ್ಲ.

ಮರಳಿ ಬಂದಾಗ ಶೆಡ್ಡಿನ ಬೆಕ್ಕು
ಟ್ರೇಯ ಹಳೆಯ ಎಣ್ಣೆಯನ್ನು ಒಮ್ಮೆ ನೆಕ್ಕಿ
ನನ್ನ ಮುಖ ನೋಡಿತು, ಮೋಸಹೋದ ಗಿರಾಕಿಯಂತೆ.
ಚೆಲ್ಲಿದೆ. ತೊಗಲಿನ ಬಿಲ್ಲೆ ಎರಡನ್ನೂ
ರಸೀದಿ ಪುಸ್ತಕದ ಪಕ್ಕದ ಮೊಳೆಗೆ ಸಿಕ್ಕಿಸಿದೆ.
ಮುಂದಿನ ಎರಡು ಇನ್ನೂ ತೆರೆದಿಲ್ಲ.
ಸೋಮವಾರ.