ಎಣ್ಣೆಬಟ್ಟೆ

ರಾಗಿ ತೆನೆಗೆ ಹಾಲು ತುಂಬುವ ವಾರ
ತಾತ ಪಿಳ್ಳಬ್ಬಯ್ಯ ನಿದ್ದೆ ಬಿಡುತ್ತಾನೆ.
ಕ್ಯಾಲೆಂಡರ್ ಬೇಡ ಅವನಿಗೆ. ತೆನೆಯೊಂದ ಹಿಸುಕಿ
ಹೆಬ್ಬೆರಳಿಗಂಟಿದ ಬಿಳಿಯನ್ನು ನೆಕ್ಕಿ
'ಇನ್ನ ಹತ್ತು ದಿನ, ಬತ್ತವೆ' ಅನ್ನುತ್ತಾನೆ.
ಯಾವುವು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಅಲ್ಲಿಂದ ಶುರು.
ಹೊಲದ ನಡುವಿನ ಹೊಂಗೆಮರಕ್ಕೆ ಅಟ್ಟಣೆ.
ಹೋದ ವರ್ಷದ ಬೊಂಬು ಎರಡು ಹುಳ ತಿಂದಿವೆ,
ಬದಲಿಗೆ ಪಕ್ಕದ ಲೇಔಟಿನಿಂದ ಬೇಡಿ ತಂದ ಸೆಂಟ್ರಿಂಗ್ ಕಂಬ.
ಕಂಬಳಿಗೆ ಬಿಸಿಲು. ಡಾಲ್ಡಾ ಡಬ್ಬಕ್ಕೆ ಹೊಸ ಕೋಲು.
ಕರಿಯನಿಗೆ ಮೂರು ದಿನ ಮುಂಚೆಯೇ ಅರ್ಧ ಮುದ್ದೆ:
'ಹೊಟ್ಟೆ ತುಂಬಿದ ನಾಯಿ ಕನಸು ಕಾಯ್ತದೆ, ಹೊಲ ಅಲ್ಲ.'
ಅತ್ತೆ ಹೊನ್ನಕ್ಕ ಗೊಣಗುತ್ತಲೇ
ಹುರಿಗಡಲೆ, ಬೆಲ್ಲ ಗಂಟು ಕಟ್ಟುತ್ತಾಳೆ.

ಎಲ್ಲ ಆದ ಮೇಲೆ ತಾತ ಗೋಡೆ ನೋಡುತ್ತಾನೆ.
ಎರಡು ಮೊಳೆ. ನಡುವೆ
ಕೋವಿಯುದ್ದಕ್ಕೆ, ಹೊಗೆ ಹಿಡಿಯದೆ ಉಳಿದ ಬಿಳಿ ಸುಣ್ಣ.

ಕೋವಿ ಠಾಣೆಯಲ್ಲಿದೆ.
ಚುನಾವಣೆಗೆಂದು ಒಪ್ಪಿಸಿದ್ದು. ಚುನಾವಣೆ ಮುಗಿದು
ಗೆದ್ದವರು ಪಕ್ಷ ಬದಲಿಸಿಯೂ ಆಯಿತು,
ಲೈಸೆನ್ಸು ಮಾತ್ರ ರಿನ್ಯೂವಲ್ ಆಗಲಿಲ್ಲ.
ಬೆರಳಚ್ಚು ಬೀಳುತ್ತಿಲ್ಲ.
ಎಪ್ಪತ್ತು ವರ್ಷ ಕುಡುಗೋಲು ಹಿಡಿದ ಬೆರಳಲ್ಲಿ
ಗೆರೆಯೇ ಇಲ್ಲವೆಂದು ಮೆಷೀನು ಹೇಳಿತಂತೆ.
ಇರುವುದು ರಸೀತಿ, ರೇಷನ್ ಕಾರ್ಡಿನ ಕವರಿನಲ್ಲಿ.

'ನಡಿಯವ್ವ' ಎಂದ ನಿನ್ನೆ.
ಸ್ಕೂಟರಿನ ಹಿಂದೆ ಕೂತ. ಕೈಯಲ್ಲಿ
ಹರಳೆಣ್ಣೆ ಶೀಶೆ, ಅಜ್ಜಿಯ ಹಳೇ ಸೀರೆಯ ತುಂಡು.
ಟಿಪ್ಪರ್ ಧೂಳಿನಲ್ಲಿ ದಾರಿಯುದ್ದಕ್ಕೂ
ನನ್ನ ಹೆಲ್ಮೆಟ್ಟಿನೊಳಕ್ಕೆ ಪಾಲು ಹೇಳುತ್ತಾ ಬಂದ:
ಹೊಡೆದವನಿಗೆ ತಲೆ, ಚರ್ಮ.
ಸೋವಿದವರಿಗೆ ಸಮಪಾಲು. ಸುಳಿವು ಕೊಟ್ಟವನಿಗೆ ಕತ್ತು.
ನಾಯಿಗೂ ಒಂದು ಪಾಲು.
ಬಸುರಿ ಇರುವ ಮನೆಗೆ, ಕೇಳದಿದ್ದರೂ, ಈಲಿ.
ಅವನು ಹನ್ನೆರಡರ ಹುಡುಗನಾಗಿದ್ದಾಗಿನ ಲೆಕ್ಕ.
ಕಾನೂನು ಬಂದ ವರ್ಷವೇ ಮುತ್ತಾತ
ಬೇಟೆಬಲೆ ಬಿಚ್ಚಿ ಕೋಳಿಗೂಡಿಗೆ ಹೊದಿಸಿದನಂತೆ.

ರೈಟರು ನಕ್ಕ.
'ಕೊಡೋಕಾಗಲ್ಲ ಯಜಮಾನ್ರೆ.'
'ಕೊಡಬ್ಯಾಡಿ ಸ್ವಾಮಿ. ಒರೆಸಿ ಹೋಯ್ತೀನಿ.'

ಹಿಂದಿನ ಕೋಣೆ ತೆಗೆಸಿದರು. ಗುದ್ದಿಸಿಕೊಂಡ ಬೈಕುಗಳು,
ಯಾರದೋ ಹೊಲಿಗೆ ಮೆಷೀನು, ಮೂಲೆಯಲ್ಲಿ
ಸೌದೆ ಹೊರೆಯಂತೆ ಕಟ್ಟಿಟ್ಟ ಕೋವಿಗಳು.
ತಾತ ನೆಲಕ್ಕೆ ಕೂತು, ಚೀಟಿ ನೋಡದೆ ತನ್ನದನ್ನು ಎಳೆದ.
ನಳಿಗೆಯೊಳಗೆ ಊದಿದ. ಒಂದು ಕಣ್ಣಿಟ್ಟ.
ಜೇಡನ ಬಲೆ ತೆಗೆದ, ಕುದುರೆಗೆ ಎರಡು ಹನಿ ಬಿಟ್ಟ.
ಆಮೇಲೆ ಪಕ್ಕದ್ದು ತಗೊಂಡ. ಆಮೇಲೆ ಅದರ ಪಕ್ಕದ್ದು.
'ಇದು ಮುನಿಬಚ್ಚಂದು.
ಇದು ಗುಳ್ಳಣ್ಣಂದು, ಮಗ ಹೊಲ ಮಾರವ್ನೆ,
ಇನ್ನ ಇದನ್ನ ಯಾರೂ ಕೇಳಕ್ಕಿಲ್ಲ.'
ಅದನ್ನು ತುಸು ಹೆಚ್ಚೇ ಹೊತ್ತು ಒರೆಸಿದ.
ಒಟ್ಟು ಹದಿನೇಳು. ಎಣ್ಣೆ ಹದಿನಾಲ್ಕಕ್ಕೇ ಮುಗಿಯಿತು,
ಉಳಿದ ಮೂರಕ್ಕೆ ಬಟ್ಟೆಯಲ್ಲಿದ್ದ ಪಸೆ.
ರೈಟರು ಟೀ ತರಿಸಿದ,
ಯಾಕೋ ತಾನು ನಿಂತೇ ಕುಡಿದ.

ಈಗ ರಾತ್ರಿ. ಅಟ್ಟಣೆಯ ಮೇಲೆ ನಾವಿಬ್ಬರು.
ಬನ್ನೇರುಘಟ್ಟದ ಕಡೆ ಕಪ್ಪು. ಇತ್ತ ಬೆಂಗಳೂರು
ಮೋಡದ ಹೊಟ್ಟೆಗೆ ಕಿತ್ತಳೆ ಬಳಿಯುತ್ತಾ ಕೂತಿದೆ.
'ಅಮಾಸೆ ಅನ್ನೋದೇ ಹೋಯ್ತು ಕಣೆ' ಎನ್ನುತ್ತಾನೆ.

ಬಂದವು.
ಕಾಣುವ ಮೊದಲು ಕೇಳಿಸಿತು
ಹಸಿ ತೆನೆ ಹರಿಯುವ ಸದ್ದು, ಅಗಿಯುವ ಸದ್ದು.
ಕೆಳಗೆ ಕರಿಯ ಎದ್ದು ನಿಂತ.
ನಾನು ಕೋಲಿಗೆ ಕೈ ಹಾಕಿದೆ.
ತಾತ ನನ್ನ ಮಣಿಕಟ್ಟು ಹಿಡಿದ. ಹರಳೆಣ್ಣೆ ವಾಸನೆ.
ಎಡಗಣ್ಣು ಮುಚ್ಚಿದ್ದಾನೆ. ಇನ್ನೊಂದು ಕೈಯ
ಗೆರೆಯಿಲ್ಲದ ತೋರುಬೆರಳು, ಗಾಳಿಯಲ್ಲಿ, ಮಡಿಸಿಕೊಂಡಿದೆ.
ಉಸಿರು ಬಿಗಿಹಿಡಿದು, ಒಂದೊಂದಕ್ಕೂ ತುಸುವೇ ಮೈ ತಿರುಗಿಸಿ
ಏಳರವರೆಗೆ ಎಣಿಸಿದ.

'ಆ ಕೊನೇದು ಬಸುರಿ' ಎಂದ.
ತಿನ್ನಲು ಬಿಟ್ಟು ಒಂದಿಷ್ಟು ಹೊತ್ತು ಸುಮ್ಮನಿದ್ದ.
ಆಮೇಲೆ ಕೈ ಬಿಟ್ಟ.
'ಈಗ ಬಾರ್ಸು.'