ನೀರು ಎಲ್ಲಿಂದ ಬಂತು

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ
ಅಂತ ನಮ್ಮ ಕಡೆ ಗಾದೆ.
ಟಾಡ್ಮರ್ಡನ್‌ನಲ್ಲಿ ನೀರೇ ಊರಿಗೆ ಬಂದಿತ್ತು,
ನನಗಿಂತ ಎರಡು ದಿನ ಮುಂಚೆ.
ಕಾಲ್ಡರ್ ಹೊಳೆ ಈಗ ತನ್ನ ಪಾತ್ರದಲ್ಲಿ
ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ
ತಲೆ ತಗ್ಗಿಸಿಕೊಂಡು ಹೋಗುತ್ತಿದೆ.

ನಷ್ಟ ಅಳೆಯುವುದು ನನ್ನ ಕೆಲಸ.
ಒಂದು ಟೇಪು, ತೇವ ಅಳೆಯುವ ಯಂತ್ರ,
ಎಡಗಾಲಿನದು ತೂತಾದ ರಬ್ಬರ್ ಬೂಟು.

ಎನಿಡ್ ಗ್ರೀನ್‌ವುಡ್, ವಯಸ್ಸು ಅರವತ್ತೇಳು,
ಪಿಯಾನೋ ರಿಪೇರಿ ಅಂಗಡಿ.
ಕೆಸರು ಗುಡಿಸುತ್ತಿದ್ದವಳು ಪೊರಕೆಗೆ ಗಲ್ಲ ಆನಿಸಿ ನಿಂತಳು.
ಕೇಳಲೇಬೇಕಾದ ಆ ಕೆಟ್ಟ ಪ್ರಶ್ನೆ ಕೇಳಿದೆ:
ನೀರು ಎಲ್ಲಿಂದ ಬಂತು?

‘ರಾತ್ರಿ ಕೆಳಗಿನಿಂದ, ಬೆಳಗ್ಗೆ ಮೇಲಿನಿಂದ,’ ಅಂದಳು.
‘ಮೊದಲು ಹೊಳೆ. ಆಮೇಲೆ ಮಹಡಿ ಮನೆಯ ಪೈಪು.
ಅದಕ್ಕೂ ಹೊಟ್ಟೆಕಿಚ್ಚು ಬಂತೇನೋ.’

ಪಾಲಿಸಿಗೆ ನೀರೆಂದರೆ ಒಂದೇ ಅಲ್ಲ.
ಪೈಪು ಒಡೆದು ಬಂದರೆ ಸೋರಿಕೆ,
ದಂಡೆ ಮೀರಿ ಬಂದರೆ ಪ್ರವಾಹ,
ಗಾಳಿ ಚಾವಣಿ ಕಿತ್ತು ಒಳಬಿಟ್ಟರೆ ಬಿರುಗಾಳಿ,
ವರ್ಷಗಟ್ಟಲೆ ತೊಟ್ಟಿಕ್ಕಿದ್ದರೆ
ಅದು ನೀರೇ ಅಲ್ಲ, ನಿಮ್ಮ ನಿರ್ಲಕ್ಷ್ಯ.
ಉಬ್ಬಿದ ಮರಕ್ಕೆ ಇದೊಂದೂ ಗೊತ್ತಿಲ್ಲ.

ಗೋಡೆ ಕಟ್ಟಡದ ಮಾಲೀಕನ ವಿಮೆಗೆ.
ಗೋಡೆಗೆ ಆನಿಸಿಟ್ಟದ್ದು ಇವಳ ವಿಮೆಗೆ.
ಗೋಡೆಗೆ ಹೊಡೆದ ಮೊಳೆ ಯಾರದೆಂದು
ಹ್ಯಾಲಿಫ್ಯಾಕ್ಸಿನಲ್ಲಿ ಒಮ್ಮೆ ಇಬ್ಬರು ವಕೀಲರು
ಮಧ್ಯಾಹ್ನವಿಡೀ ಕಾದಾಡಿದ್ದನ್ನು ನಾನೇ ನೋಡಿದ್ದೇನೆ.
ಹೊಸ್ತಿಲಲ್ಲಿ ಅಂಚೆಯವನು ಜಾರಿ ಬಿದ್ದರೆ ಅದಕ್ಕೊಂದು ಕಂತು;
ಬಾಗಿಲು ಮುಚ್ಚಿದ ದಿನಗಳಲ್ಲಿ
ಬಾರದ ಗಿರಾಕಿಯ ಬಾರದ ಹಣಕ್ಕೂ ಒಂದು,
ಮುಚ್ಚಿಸಿದ್ದು ಹೊಳೆಯಲ್ಲದಿದ್ದರೆ.

ಯಾಕೆಂದರೆ ಪುಟ ಹದಿನಾಲ್ಕರಲ್ಲಿ
‘ಪ್ರವಾಹ’ದ ಮುಂದಿನ ಚೌಕ ಖಾಲಿ.
‘ಕಂತು ಮೂರು ಪಟ್ಟಾಯಿತು,’ ಅಂದಳು ಎನಿಡ್,
‘ಆ ದುಡ್ಡಿಗೆ ಹೊಳೆಯನ್ನೇ ಕೊಳ್ಳಬಹುದಿತ್ತು.’

ಹಾಗಾಗಿ ಪೆನ್ಸಿಲು ತೆಗೆದೆ.
ಕೆಸರಿನ ಗುರುತು ನೆಲದಿಂದ ಅರವತ್ತೊಂದು ಸೆಂಟಿಮೀಟರು.
ಅದರ ಕೆಳಗೆ ನೆನೆದದ್ದಕ್ಕೆ ಏನೂ ಇಲ್ಲ.
ಮೇಲೆ ನೆನೆದದ್ದಕ್ಕೆ ಉಂಟು.
ಒಂದೇ ಪಿಯಾನೋದಲ್ಲಿ
ಪೆಡಲುಗಳು ಅನಾಥ, ಮನೆಗಳು ವಾರಸುದಾರರು.

ಉಪಕರಣಗಳ ಕಪಾಟು ಗೆರೆಯ ಮೇಲೆಯೇ ಇತ್ತು, ಪುಣ್ಯ.
ಆದರೆ ಹದಿನಾರು ವರ್ಷದ ಹಿಂದೆ ಬೆಲೆ ಬರೆಸಿದ್ದು ನಾಲ್ಕು ಸಾವಿರ,
ಇವತ್ತಿನದು ಎಂಟು.
ಅರ್ಧಕ್ಕೆ ಕಟ್ಟಿದವರು ಪೂರ್ತಿ ಅಳುವಂತಿಲ್ಲ:
ನೂರು ಪೌಂಡು ನೆನೆದರೆ ಐವತ್ತು.
ಇದನ್ನು ಹೇಳುವಾಗ
ನನ್ನ ದನಿ ಯಾವಾಗಲೂ ಸ್ವಲ್ಪ ಸಣ್ಣದಾಗುತ್ತದೆ.

ಕೊನೆಗೆ ಬೆಂಚಿನ ಮೇಲೊಂದು ಹಾರ್ಮೋನಿಯಂ,
ಗುಡ್ಡದ ಚಾಪೆಲಿನದು, ತಿದಿ ಹರಿದು ಬಂದಿತ್ತಂತೆ.
ಮೇಲಿಂದ ತೊಯ್ದಿದೆ.
ಆದರೆ ಪರರ ಸ್ವತ್ತು; ಅದಕ್ಕೆ ಬೇರೆಯೇ ಕಲಮು,
ನೂರರಲ್ಲಿ ತೊಂಬತ್ತು ಜನ ಅದನ್ನು ಓದಿಯೂ ಇರುವುದಿಲ್ಲ.
ಪುಟ ಇಪ್ಪತ್ತೆರಡು ತಿರುವಿದೆ.

ನೀಲಿ ಶಾಯಿಯ ಗುರುತು, ಕಾಗದ ಹರಿಯುವಷ್ಟು ಒತ್ತಿ ಹಾಕಿದ್ದು.
ವರ್ಷಕ್ಕೆ ಹನ್ನೊಂದು ಪೌಂಡು.
‘ಜನ ನಂಬಿ ಬಿಟ್ಟುಹೋಗುತ್ತಾರಲ್ಲ,’ ಅಂದಳು,
ಏನೋ ಕದ್ದವಳ ಹಾಗೆ.

ಒಂದು ಮನೆ ಒತ್ತಿ ನೋಡಿದೆ.
ಗಾಳಿಗೆ ಮೊದಲು ನೀರು ಬಂತು,
ಆಮೇಲೆ, ಬಹಳ ತಡವಾಗಿ, ಮಧ್ಯಮದ ಅರ್ಧ.

ಫಾರಂ ಮಡಚಿ ಎದ್ದೆ. ಎಡಗಾಲು ಪಚಪಚ ಅಂತು.
ಎನಿಡ್ ನನ್ನ ಬೂಟು ನೋಡಿದಳು, ಗೋಡೆಯ ಗೆರೆ ನೋಡಿದಳು,
ಅವತ್ತಿಡೀ ಮೊದಲ ಸಲ ನಕ್ಕಳು:
‘ಅದು ಯಾವ ನೀರು?’