ಎರಡರಿಂದ ಎಂಟು ಡಿಗ್ರಿ

ಇನ್ಸುಲಿನ್ ಡಬ್ಬಿಯ ಮೇಲೆ ಅಚ್ಚಾಗಿದೆ:
ಎರಡರಿಂದ ಎಂಟು ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಲು ಬಿಡಬೇಡಿ.
ಗ್ರಿಮ್ಸ್‌ಬಿಯ ನವೆಂಬರಿಗೂ ಅದೇ ಲೆಕ್ಕ:
ರಾತ್ರಿ ಮೂರಕ್ಕೆ ಎರಡು, ಮಧ್ಯಾಹ್ನ ಬಿಸಿಲು ಬಿದ್ದರೆ ಎಂಟು.
ಔಷಧಕ್ಕೆ ಒಗ್ಗುವ ಹವೆ.
ಗ್ಲೆನ್ ಹ್ಯಾಮರ್ಟನ್‌ಗೆ ಎಂಥ ಹವೆ ಬೇಕೆಂದು
ಯಾವ ಡಬ್ಬಿಯ ಮೇಲೂ ಇಲ್ಲ.

ಹದಿನಾರಕ್ಕೆ ಮೀನು ಸೀಳುವ ಕತ್ತಿ ಹಿಡಿದವನು,
ಮುಳ್ಳಿಗೆ ಮಾಂಸ ಅಂಟದಂತೆ ಎತ್ತುತ್ತಿದ್ದನಂತೆ.
ಈಗ ಆ ಬೆರಳಿಗೆ ಅಂಗಿಯ ಗುಂಡಿ ತಿಳಿಯುವುದಿಲ್ಲ.
ಅಂಗಾಲಿಗೆ ಮೊಳೆ ನೆಟ್ಟದ್ದು
ಕಾಲುಚೀಲ ಬಿಚ್ಚಿದ ನನಗೆ ಗೊತ್ತಾಯಿತು,
ಅವನಿಗಲ್ಲ.

ಮುಚ್ಚಿದ ಐಸ್ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು
ಕಂಕುಳಲ್ಲಿ ಔಷಧ ಅವುಚಿ ಮಲಗುತ್ತಿದ್ದ,
ಹೇಂಟೆ ಮೊಟ್ಟೆಗೆ ಕಾವು ಕೊಟ್ಟ ಹಾಗೆ.
ಒಂದು ರಾತ್ರಿ ಮಗ್ಗುಲು ಬದಲಿಸಿದ್ದಕ್ಕೇ
ತಿಂಗಳ ಔಷಧ ಕಲ್ಲಾಯಿತು.

ಮನೆ ಕೊಡುವವರು ಅಂದರು, ಮೊದಲು ಕುಡಿತ ಬಿಡಲಿ.
ಕುಡಿತ ಬಿಡಿಸುವವರು ಅಂದರು, ಮೊದಲು ಮನಸ್ಸು ಹದಕ್ಕೆ ಬರಲಿ.
ಮನಸ್ಸಿನ ಡಾಕ್ಟರು ಕಾಗದ ಹಾಕಿದರು
ನಾಲ್ಕು ವರ್ಷದ ಹಿಂದೆ ಅವನು ಬಿಟ್ಟ ಮನೆಗೆ,
ಬರಲಿಲ್ಲವೆಂದು ಹೆಸರು ಹೊಡೆದರು.
ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ ಅನ್ನುತ್ತಿದ್ದಳು
ನಮ್ಮ ಸೋದರತ್ತೆ, ಗಿಡ್ಡ ಕಂಬಳಿಯ ಬಗ್ಗೆ.
ಇಲ್ಲಿ ಕಂಬಳಿಯೇನೋ ಉದ್ದವಿದೆ.
ಮೂಲೆಗೊಬ್ಬರು ಹಿಡಿದು ನಿಂತಿದ್ದೇವೆ,
ನಾನೂ ಒಂದು ಮೂಲೆ. ಸುಳ್ಳೇಕೆ.

ಕೊನೆಗೆ ಮಾತಾಡಿದವನು ಮೀನಂಗಡಿಯ ಶೆವ್ಕೆತ್.
ಆಲೂಗಡ್ಡೆ ಹೆಚ್ಚುತ್ತ, ತಲೆ ಎತ್ತದೆ:
"ನನ್ನ ಫ್ರಿಜ್ ಇದೆಯಲ್ಲ."
ಎರಡನೇ ಹಲಗೆ. ಒಂದು ಕಡೆ ಉಪ್ಪಿನಕಾಯಿ ಮೊಟ್ಟೆ,
ಒಂದು ಕಡೆ ಅವನ ಹೆಂಡತಿಯ ಮೊಸರು,
ನಡುವೆ ಐಸ್‌ಕ್ರೀಮಿನ ಹಳೇ ಡಬ್ಬಿ.
ಮುಚ್ಚಳದ ಮೇಲೆ ಪಟ್ಟಿ ಅಂಟಿಸಿ ನೀಲಿ ಶಾಯಿಯಲ್ಲಿ ಬರೆದೆ: ಗ್ಲೆನ್.
ಈ ಊರಿನಲ್ಲಿ ಅವನ ಹೆಸರಿದ್ದ ಬಾಗಿಲು ಅದೊಂದೇ.

ಆಮೇಲೆ ಆಸ್ಪತ್ರೆಯ ಕಾಗದಗಳೂ ಅಲ್ಲಿಗೇ ಬಂದವು,
ಎಣ್ಣೆಗೈಯಲ್ಲಿ ಒಡೆಸಿಕೊಂಡವು, ಗಟ್ಟಿಯಾಗಿ ಓದಿಸಿಕೊಂಡವು
ಸಾಲಿನಲ್ಲಿ ನಿಂತ ಗಿರಾಕಿಗಳಿಗೂ ಕೇಳುವಂತೆ.
ಒಬ್ಬಳು ಮುದುಕಿ, ಮಿಸೆಸ್ ಆಡ್ಲಿಂಗ್ಟನ್,
ತಾರೀಖು ನೆನಪಿಟ್ಟು ಅವನನ್ನು ಬಸ್ಸು ಹತ್ತಿಸಿದಳು.

ಹೋದ ಮಂಗಳವಾರ ಫೋನು.
"ಸಿಸ್ಟರ್, ಆರಕ್ಕೆ ಬರಬೇಕಿತ್ತು, ಎಂಟಾಯಿತು.
ಡಬ್ಬಿ ಹಾಗೇ ಇದೆ."
ಎಷ್ಟು ವರ್ಷದ ಮೇಲೋ
ಒಬ್ಬರು ಅವನಿಗಾಗಿ ಗಡಿಯಾರ ನೋಡಿದ್ದರು.

ಟಾರ್ಚಿನ ಬೆಳಕಿಗೆ ಮೊದಲು ಸಿಕ್ಕಿದ್ದು ನೀರಿನ ಖಾಲಿ ಬಾಟಲಿಗಳು, ಏಳು.
ಆಮೇಲೆ ಅವನು.
ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ.
ಆಂಬುಲೆನ್ಸಿನ ಹುಡುಗ ಬಗ್ಗಿ, ಹೆಸರು ಕೇಳಿದ, ವಿಳಾಸ ಕೇಳಿದ.
ನಾನು ಬಾಯಿ ತೆರೆಯುವುದರೊಳಗೆ
ಗ್ಲೆನ್ ಕಣ್ಣು ಮುಚ್ಚಿಕೊಂಡೇ ಅಂದ:
"ಫ್ರೀಮನ್ ಬೀದಿ. ಮೀನಂಗಡಿ.
ಎರಡನೇ ಹಲಗೆ."

ಎರಡು ಬೆರಳು ಹೋದವು, ಎಡಗಾಲಿನವು.
ಮನೆಯ ಅರ್ಜಿ ಇನ್ನೂ ಮೂರನೇ ಮೇಜಿನ ಮೇಲಿದೆ.
ನಿನ್ನೆ ಫ್ರಿಜ್ ತೊಳೆಯುತ್ತಿದ್ದ ಶೆವ್ಕೆತ್
ಮೊಸರು ಹೊರಗಿಟ್ಟ, ಮೊಟ್ಟೆ ಹೊರಗಿಟ್ಟ,
ಡಬ್ಬಿಯನ್ನು ಮಾತ್ರ ನನ್ನ ಕೈಗೆ ಕೊಟ್ಟು
ಹಲಗೆ ಒರೆಸುವವರೆಗೂ
ಹಿಡಿದುಕೊಂಡಿರು ಅಂದ.

ತಣ್ಣಗಿತ್ತು.
ಹಿಡಿದುಕೊಂಡಿದ್ದೆ.